ಕಾಡು ಕಟ್ಟಿದ ಮಳೆ: ಅಮೆಜಾನ್ ಜಲಾನಯನದ ಪರಿಸರ ಮತ್ತು ಹವಾಮಾನ

ಮಳೆ ಹೆಚ್ಚಿರುವಲ್ಲಿ ಕಾಡು ದಟ್ಟವಾಗಿ ಬೆಳೆಯುತ್ತದೆ ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಆದರೆ ಕಾಡಿರುವ ಕಾರಣದಿಂದಲೇ ಮಳೆ ಹೆಚ್ಚುತ್ತದೆಯೆ ಎಂಬ ಪ್ರಶ್ನೆಯನ್ನು ಹವಾಮಾನ ವಿಜ್ಞಾನವು ಬಹುಕಾಲ ಜನಸಾಮಾನ್ಯರ ನಂಬಿಕೆಯೆಂದು ಬಗೆದು ಪಕ್ಕಕ್ಕಿಟ್ಟಿತ್ತು. ಈ ಪ್ರಶ್ನೆಗೆ ಒಂದು ಇಡೀ ನದೀವ್ಯವಸ್ಥೆಯ ಮಟ್ಟದಲ್ಲಿ ಅಳತೆಯ ಆಧಾರವುಳ್ಳ ಉತ್ತರ ದೊರೆತದ್ದು 1970ರ ದಶಕದ ಕೊನೆಯಲ್ಲಿ, ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಜಲಾನಯನ ಪ್ರದೇಶದಲ್ಲಿ. ಅಲ್ಲಿಂದಾಚೆಗೆ ನಡೆದ ಅಧ್ಯಯನಗಳೆಲ್ಲ ಸೇರಿ ಸ್ಥಾಪಿಸಿರುವ ತಿಳಿವಳಿಕೆಯೆಂದರೆ, ಅಲ್ಲಿ ನೆಲದ ಮೇಲೆ ಹರಿಯುವ ನದಿ, ಆ ನೆಲದಲ್ಲಿ ನಿಂತಿರುವ ಕಾಡು ಮತ್ತು ಆ ಕಾಡಿನ ಮೇಲೆ ಸಾಗುವ ನೀರಾವಿ ಇವು ಮೂರೂ ಒಂದೇ ನೀರಿನ ಮೂರು ಅವಸ್ಥೆಗಳು. ಆದ್ದರಿಂದ ಪಾತ್ರದಲ್ಲಿ ಹರಿಯುವ ನೀರನ್ನು ಮಾತ್ರ ನದಿಯೆಂದು ಲೆಕ್ಕ ಹಾಕುವ ಆಡಳಿತವು ಆ ನದಿಯ ಅರ್ಧವನ್ನಷ್ಟೇ ಕಾಣುತ್ತದೆ ಎಂಬುದೇ ಈ ಉಪನ್ಯಾಸದ ಪ್ರತಿಪಾದನೆ.

ಜಲಾನಯನ ಪ್ರದೇಶವೆಂದರೆ ಯಾವ ನೆಲದ ಮೇಲೆ ಬಿದ್ದ ಮಳೆಯು ಹಳ್ಳ, ತೊರೆ, ಉಪನದಿಗಳ ಮೂಲಕ ಕೊನೆಗೆ ಒಂದೇ ನದಿಯನ್ನು ಸೇರುವುದೋ ಆ ಇಡೀ ನೆಲ. ಅಮೆಜಾನಿನ ಜಲಾನಯನವು 60 ಲಕ್ಷ ಚದರ ಕಿಲೋಮೀಟರಿಗೂ ವಿಶಾಲವಾಗಿದ್ದು, ಭಾರತದ ವಿಸ್ತೀರ್ಣದ ಸುಮಾರು ಎರಡರಷ್ಟಾಗುತ್ತದೆ. ಅದರ ಬಹುಪಾಲು ಬ್ರೆಜಿಲ್ ದೇಶದಲ್ಲಿದ್ದು, ಉಳಿದದ್ದು ಪೆರು, ಬೊಲಿವಿಯ, ಕೊಲಂಬಿಯ, ಎಕ್ವಡಾರ್ ಮೊದಲಾದ ದೇಶಗಳಿಗೆ ಹರಡಿಕೊಂಡಿದೆ. ನದಿಯು ಸಮುದ್ರಕ್ಕೆ ಸುರಿಯುವ ನೀರು ಸರಾಸರಿ ಸೆಕೆಂಡಿಗೆ 2 ಲಕ್ಷ ಘನ ಮೀಟರಿನಷ್ಟು, ಅಂದರೆ ಜಗತ್ತಿನ ಎಲ್ಲ ನದಿಗಳೂ ಕಡಲಿಗೆ ತರುವ ಸಿಹಿನೀರಿನಲ್ಲಿ ಐದಾರರಲ್ಲೊಂದು ಪಾಲು. ಒಂದು ಕೋಟಿ ವರ್ಷಗಳಿಗೂ ಹಿಂದೆ ಈ ಸೀಮೆಯ ಪಶ್ಚಿಮ ಭಾಗವು ವಿಸ್ತಾರವಾದ ಜೌಗು ಮತ್ತು ಸರೋವರಗಳ ಪ್ರದೇಶವಾಗಿತ್ತು. ಆಂಡಿಸ್ ಪರ್ವತಶ್ರೇಣಿ ಮೇಲೆದ್ದಂತೆಲ್ಲ ಅದರಿಂದ ಇಳಿದ ಹೂಳು ಆ ತಗ್ಗನ್ನು ತುಂಬಿ, ನೀರು ಪೂರ್ವಕ್ಕೆ ತಿರುಗಿ ಅಟ್ಲಾಂಟಿಕ್ ಸಾಗರದ ದಾರಿ ಹಿಡಿಯಿತು. ಈ ಭೂವೈಜ್ಞಾನಿಕ ಚರಿತ್ರೆಯಿಂದಾಗಿಯೇ ನೆಲ ಅತ್ಯಂತ ಸಮತಟ್ಟಾಗಿದೆ: ಸಮುದ್ರದಿಂದ ನದೀಮಾರ್ಗವಾಗಿ ಮೂರೂವರೆ ಸಾವಿರ ಕಿಲೋಮೀಟರಿಗೂ ದೂರವಿರುವ ಪೆರುವಿನ ಇಕಿಟೋಸ್ ಪಟ್ಟಣ ಸಮುದ್ರಮಟ್ಟಕ್ಕಿಂತ ಸುಮಾರು 100 ಮೀಟರ್ ಮಾತ್ರ ಎತ್ತರದಲ್ಲಿದೆ, ಮತ್ತು ಕಡಲಿನ ಉಬ್ಬರವಿಳಿತದ ಪ್ರಭಾವ ಒಳನಾಡಿನ ಒಬಿಡೊಸ್‌ವರೆಗೆ, ಅಂದರೆ ಸುಮಾರು 800 ಕಿಲೋಮೀಟರ್ ದೂರದವರೆಗೆ, ಗುರುತಿಸಲು ಸಿಗುತ್ತದೆ. ಇಂಥ ಇಳಿಜಾರಿಲ್ಲದ ನೆಲದಲ್ಲಿ ನೀರು ಓಡುವುದಕ್ಕಿಂತ ಹೆಚ್ಚಾಗಿ ಹರಡುತ್ತದೆ ಎಂಬುದನ್ನು ಮುಂದಿನ ವಿವರಗಳಿಗೆಲ್ಲ ಆಧಾರವಾಗಿ ನೆನಪಿಡಬೇಕು.

ಈ ಪ್ರದೇಶದ ವಾರ್ಷಿಕ ಸರಾಸರಿ ಮಳೆ 2,200 ಮಿಲಿಮೀಟರಿನ ಆಸುಪಾಸಿನಲ್ಲಿದೆ. ವಾಯವ್ಯದ ಕೊಲಂಬಿಯ, ಪೆರು ಗಡಿಯ ಕಡೆಗೆ ಅದು 3,000 ಮಿಲಿಮೀಟರನ್ನು ದಾಟುತ್ತದೆ, ಆಗ್ನೇಯದ ಅಂಚಿನಲ್ಲಿ ಅದರ ಅರ್ಧದ ಸಮೀಪಕ್ಕೆ ಇಳಿಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯನ್ನು ಬಲ್ಲ ಕನ್ನಡಿಗರಿಗೆ ಈ ಅಂಕಿಗಳು ದೊಡ್ಡವೆನಿಸಲಾರವು. ಆದರೆ ಆಗುಂಬೆಯ ಮಳೆಯಲ್ಲಿ ಬಹುಪಾಲು ಮುಂಗಾರಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಅಮೆಜಾನಿನ ಮಧ್ಯ ಮತ್ತು ಪಶ್ಚಿಮ ಭಾಗಗಳಲ್ಲಿ ಮಳೆಯಿಲ್ಲದ ತಿಂಗಳೆಂಬುದು ಅಪರೂಪ. ನಿತ್ಯಹರಿದ್ವರ್ಣದ ಕಾಡು ಎಲ್ಲಿ ನಿಲ್ಲಬಲ್ಲದು, ಎಲ್ಲಿ ಎಲೆ ಉದುರಿಸುವ ಕಾಡಿಗೆ ಎಡೆ ಮಾಡಿಕೊಡುತ್ತದೆ ಎಂಬುದನ್ನು ತೀರ್ಮಾನಿಸುವಲ್ಲಿ ಮಳೆಯ ಒಟ್ಟು ಮೊತ್ತಕ್ಕಿಂತ ಒಣತಿಂಗಳುಗಳ ಸಂಖ್ಯೆಗೆ ಹೆಚ್ಚಿನ ತೂಕವಿದೆ ಎಂಬುದು ಪಶ್ಚಿಮಘಟ್ಟದ ಕಾಡುಗಳ ಅಧ್ಯಯನದಿಂದಲೂ ತಿಳಿದುಬಂದಿದೆ. ಅಮೆಜಾನಿನ ಇಂದಿನ ಸಂಕಟವನ್ನು ಅರಿಯಲು ಈ ಅಂಶ ಮುಖ್ಯ. ಏಕೆಂದರೆ ಅಲ್ಲಿ ಆಗುತ್ತಿರುವ ಬದಲಾವಣೆ ಮೊದಲಿಗೆ ವಾರ್ಷಿಕ ಮೊತ್ತದಲ್ಲಿ ಕಾಣದೆ, ಒಣಗಾಲದ ಉದ್ದದಲ್ಲಿ ಕಾಣಿಸಿಕೊಂಡಿದೆ.

ಅಟ್ಲಾಂಟಿಕ್ ಸಾಗರದ ಮೇಲಿಂದ ಪೂರ್ವದಿಕ್ಕಿನ ವಾಣಿಜ್ಯ ಮಾರುತಗಳು, ಅಂದರೆ ಉಷ್ಣವಲಯದಲ್ಲಿ ವರ್ಷವಿಡೀ ಬಹುಮಟ್ಟಿಗೆ ಒಂದೇ ದಿಕ್ಕಿನಿಂದ ಬೀಸುವ ಗಾಳಿಗಳು, ನೀರಾವಿಯನ್ನು ಹೊತ್ತು ಖಂಡದೊಳಕ್ಕೆ ಬರುತ್ತವೆ. ಕಡಲಿನಿಂದ ದೂರ ಸಾಗಿದಂತೆಲ್ಲ ಆ ಗಾಳಿ ತನ್ನ ತೇವವನ್ನು ಕಳೆದುಕೊಳ್ಳಬೇಕು, ಒಳನಾಡು ಒಣಗಬೇಕು. ಜಗತ್ತಿನ ಅನೇಕ ಖಂಡಗಳ ಒಳಭಾಗದಲ್ಲಿ ಆಗಿರುವುದೂ ಹಾಗೆಯೇ. ಅಮೆಜಾನಿನಲ್ಲಾದರೋ ಕಡಲಿನಿಂದ ಮೂರು ಸಾವಿರ ಕಿಲೋಮೀಟರ್ ದೂರದ ಆಂಡಿಸ್ ತಪ್ಪಲು ಕರಾವಳಿಯಷ್ಟೇ, ಕೆಲವೆಡೆ ಅದಕ್ಕಿಂತಲೂ ಹೆಚ್ಚು ಒದ್ದೆಯಾಗಿದೆ. ಈ ಒಗಟನ್ನು ಬ್ರೆಜಿಲಿನ ವಿಜ್ಞಾನಿ ಎನೆಯಸ್ ಸಲಾಟಿ ಮತ್ತು ಅವರ ಸಹೋದ್ಯೋಗಿಗಳು ಮಳೆನೀರಿನ ಮಾದರಿಗಳನ್ನು ಸಂಗ್ರಹಿಸಿ, ಅದರಲ್ಲಿನ ಆಮ್ಲಜನಕದ ಸಮಸ್ಥಾನಿಗಳನ್ನು ಅಳೆಯುವ ಮೂಲಕ ಬಿಡಿಸಿದರು. ಸಮಸ್ಥಾನಿಗಳೆಂದರೆ ಒಂದೇ ಮೂಲವಸ್ತುವಿನ, ತೂಕದಲ್ಲಿ ಮಾತ್ರ ಭೇದವಿರುವ ಪರಮಾಣುಗಳು. ಸಾಮಾನ್ಯ ಆಮ್ಲಜನಕದ ಜೊತೆಗೆ ಆಮ್ಲಜನಕ-18 ಎಂಬ ಭಾರವಾದ ರೂಪವೂ ನೀರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಮೋಡವು ಮಳೆಯಾಗುವಾಗ ಈ ಭಾರವಾದ ನೀರು ಮೊದಲು ಕೆಳಗಿಳಿಯುವುದರಿಂದ, ಉಳಿದ ಆವಿ ಮುಂದೆ ಸಾಗಿದಂತೆಲ್ಲ ಹಗುರವಾಗುತ್ತಾ ಹೋಗಬೇಕು, ಒಳನಾಡಿನ ಮಳೆಯಲ್ಲಿ ಆಮ್ಲಜನಕ-18ರ ಪಾಲು ತೀವ್ರವಾಗಿ ಕುಸಿಯಬೇಕು. ಸಲಾಟಿಯವರ ತಂಡ ಕಂಡದ್ದು ನಿರೀಕ್ಷೆಗಿಂತ ಬಹಳ ನಿಧಾನವಾದ ಕುಸಿತವನ್ನು. ಬಿದ್ದ ಭಾರವಾದ ನೀರು ಎಲ್ಲೋ ಮತ್ತೆ ಗಾಳಿಗೆ ಸೇರುತ್ತಿರದ ಹೊರತು ಇದು ಸಾಧ್ಯವಿರಲಿಲ್ಲ. ಅದನ್ನು ಸೇರಿಸುತ್ತಿದ್ದದ್ದು ಮರಗಳು: ಬೇರಿನಿಂದ ಹೀರಿದ ನೀರನ್ನು ಎಲೆಗಳ ಸೂಕ್ಷ್ಮ ರಂಧ್ರಗಳ ಮೂಲಕ ಆವಿಯಾಗಿ ಹೊರಬಿಡುವ ಬಾಷ್ಪವಿಸರ್ಜನೆಯೆಂಬ ಕ್ರಿಯೆಯಲ್ಲಿ ಭಾರದ ನೀರು, ಹಗುರದ ನೀರು ಎಂಬ ಆಯ್ಕೆ ಹೆಚ್ಚುಕಡಿಮೆ ನಡೆಯುವುದಿಲ್ಲ, ಬಿದ್ದದ್ದು ಬಿದ್ದಂತೆಯೇ ಮೇಲಕ್ಕೆ ಮರಳುತ್ತದೆ.

1979ರಲ್ಲಿ ಪ್ರಕಟವಾದ ಈ ಅಧ್ಯಯನ ಮತ್ತು ಅದರ ಬೆನ್ನಿಗೆ ಬಂದ ಲೆಕ್ಕಾಚಾರಗಳು, ಜಲಾನಯನದಲ್ಲಿ ಬೀಳುವ ಮಳೆಯ ಅರ್ಧದಷ್ಟು ಕಾಡಿನಿಂದಲೇ ಮರಳಿ ಮೇಲೆದ್ದ ನೀರು ಎಂದು ತಿಳಿಸಿದವು. ಅನಂತರದ ಅಂದಾಜುಗಳು ಈ ಪಾಲನ್ನು ಕಾಲು ಭಾಗದಿಂದ ಅರ್ಧ ಭಾಗದ ನಡುವೆ ಇರಿಸುತ್ತವೆ. ಕಡಿಮೆಯ ಅಂಕಿಯನ್ನೇ ಹಿಡಿದರೂ ಅದು ಸಣ್ಣ ಮಾತಲ್ಲ. ಅಟ್ಲಾಂಟಿಕ್‌ನಿಂದ ಬಂದ ಒಂದೇ ನೀರು ಆಂಡಿಸ್ ಮುಟ್ಟುವಷ್ಟರಲ್ಲಿ ಐದಾರು ಸಲ ಮಳೆಯಾಗಿ ಬಿದ್ದು, ಐದಾರು ಸಲ ಆವಿಯಾಗಿ ಏಳಬಹುದು. ಕಾಡಿನ 55 ಲಕ್ಷ ಚದರ ಕಿಲೋಮೀಟರ್ ಹರವಿನ ಮೇಲೆ ದಿನಕ್ಕೆ ಮೂರೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು ನೀರು ಆವಿಯಾಗುತ್ತದೆಂದು ಲೆಕ್ಕ ಹಾಕಿದರೆ, ಅದು ದಿನವೊಂದಕ್ಕೆ ಸುಮಾರು 2,000 ಕೋಟಿ ಟನ್ ಆಗುತ್ತದೆ. ಅದೇ ದಿನ ಅಮೆಜಾನ್ ನದಿ ಕಡಲಿಗೆ ಸುರಿಯುವ ನೀರು ಸುಮಾರು 1,700 ಕೋಟಿ ಟನ್. ಹೀಗಾಗಿ ಜಗತ್ತಿನ ಅತಿದೊಡ್ಡ ನದಿಗಿಂತ ದೊಡ್ಡದಾದ ಇನ್ನೊಂದು ಹರಿವು ಅದರ ನೆತ್ತಿಯ ಮೇಲೆಯೇ, ವಿರುದ್ಧ ದಿಕ್ಕಿನಲ್ಲಿ, ಕಡಲಿನಿಂದ ಬೆಟ್ಟದ ಕಡೆಗೆ ಸಾಗುತ್ತಿದೆಯೆಂಬುದು ಉತ್ಪ್ರೇಕ್ಷೆಯಲ್ಲ.

ಒಣಗಾಲದಲ್ಲಿ ಈ ಕೆಲಸ ನಿಂತುಹೋಗಬೇಕಲ್ಲವೆ ಎಂಬ ಆಕ್ಷೇಪಕ್ಕೆ ಉತ್ತರ ನೆಲದಡಿಯಲ್ಲಿ ಸಿಕ್ಕಿತು. ಪೂರ್ವ ಅಮೆಜಾನಿನ ಪರಾಗೊಮಿನಸ್‌ನಲ್ಲಿ ಡೇನಿಯಲ್ ನೆಪ್ಸ್ಟಡ್ ಮತ್ತು ಸಂಗಡಿಗರು ಆಳವಾದ ಗುಂಡಿಗಳನ್ನು ತೋಡಿ ನೋಡಿದಾಗ, ಮರಗಳ ಬೇರುಗಳು 18 ಮೀಟರ್ ಆಳದವರೆಗೂ ಇಳಿದಿರುವುದು ಕಂಡಿತು. ಮಳೆಗಾಲದಲ್ಲಿ ಇಂಗಿದ ನೀರನ್ನು ಕಾಡು ಬೇಸಗೆಯಲ್ಲಿ ಆ ಆಳದಿಂದ ಎತ್ತಿ ಬಳಸುತ್ತದೆ, ಅದರ ಬದಲು ಹುಲ್ಲುಗಾವಲು ಮಾಡಿದ ನೆಲದಲ್ಲಿ ಆಳವಿಲ್ಲದ ಬೇರಿನ ಹುಲ್ಲು ಒಣಗಿ ಬಾಷ್ಪವಿಸರ್ಜನೆ ಕುಗ್ಗುತ್ತದೆ. 1994ರಲ್ಲಿ ಹೊರಬಂದ ಈ ಶೋಧದ ಇನ್ನೊಂದು ಮುಖ 2017ರಲ್ಲಿ ಸ್ಪಷ್ಟವಾಯಿತು: ದಕ್ಷಿಣ ಅಮೆಜಾನಿನಲ್ಲಿ ಮಳೆಗಾಲವು ಕಡಲಿನ ಗಾಳಿ ತಿರುಗುವುದಕ್ಕೆ ಎರಡು ಮೂರು ತಿಂಗಳು ಮೊದಲೇ ಆರಂಭವಾಗುವುದಕ್ಕೆ ಒಣಗಾಲದ ಕೊನೆಯಲ್ಲಿ ಕಾಡು ಹೊರಬಿಡುವ ಆವಿಯೇ ಕಾರಣವೆಂದು ಉಪಗ್ರಹದ ದತ್ತಾಂಶಗಳು ತೋರಿಸಿದವು. ಆ ಆವಿ ಮೇಲೇರಿ ಮೋಡವಾಗುವಾಗ ಬಿಡುಗಡೆಯಾಗುವ ಶಾಖವು ವಾತಾವರಣವನ್ನು ಕಲಕಿ, ಸಾಗರದ ತೇವದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳಲು ನೆಲವನ್ನು ಅಣಿಗೊಳಿಸುತ್ತದೆ. ತನಗೆ ಬೇಕಾದ ಮಳೆಗಾಲವನ್ನು ಕಾಡು ಕಾಯುತ್ತ ಕೂರುವುದಿಲ್ಲ, ಅದನ್ನು ತಾನೇ ಮುಂಚಿತವಾಗಿ ಆರಂಭಿಸುತ್ತದೆ.

ಆವಿಯೊಂದೇ ಇದ್ದರೆ ಮೋಡವಾಗದು. ನೀರಹನಿ ಕಟ್ಟಿಕೊಳ್ಳಲು ಧೂಳಿನಂಥ ಸೂಕ್ಷ್ಮ ಕಣವೊಂದು ಬೇಕು. ಜನವಸತಿಯಿಂದ ದೂರದ ಕಾಡಿನ ಮೇಲೆ ಇಂಥ ಕಣಗಳನ್ನೂ ಬಹುಮಟ್ಟಿಗೆ ಕಾಡೇ ಒದಗಿಸುತ್ತದೆ: ಮರಗಳು ಹೊರಬಿಡುವ ಐಸೊಪ್ರೀನ್‌ನಂಥ ಆವಿಶೀಲ ವಸ್ತುಗಳು ಗಾಳಿಯಲ್ಲಿ ಉತ್ಕರ್ಷಣಗೊಂಡು ಘನಕಣಗಳಾಗುತ್ತವೆ, ಸಸ್ಯ ಮತ್ತು ಶಿಲೀಂಧ್ರಗಳಿಂದ ಬರುವ ಪೊಟಾಸಿಯಂ ಲವಣದ ಕಣಗಳು ಅವುಗಳಿಗೆ ಬೀಜವಾಗುತ್ತವೆ. ಈ ಕ್ರಿಯೆಗಳನ್ನು ವರ್ಷವಿಡೀ ಅಳೆಯಲು ಬ್ರೆಜಿಲ್ ಮತ್ತು ಜರ್ಮನಿ ಸೇರಿ ಮನೌಸ್ ನಗರದಿಂದ ಸುಮಾರು 150 ಕಿಲೋಮೀಟರ್ ದೂರದ ದಟ್ಟ ಕಾಡಿನಲ್ಲಿ 325 ಮೀಟರ್ ಎತ್ತರದ ವೀಕ್ಷಣಾ ಗೋಪುರವನ್ನು ನಿಲ್ಲಿಸಿವೆ. ಕಾಡಿಗೆ ಬೆಂಕಿ ಹಚ್ಚಿದಾಗ ಏಳುವ ಹೊಗೆಯೂ ಕಣಗಳನ್ನೇ ತರುತ್ತದೆಯಾದರೂ ಅವು ಅತಿಯಾಗುತ್ತವೆ. ಇರುವ ಆವಿ ಅಸಂಖ್ಯ ಕಣಗಳಿಗೆ ಹಂಚಿಹೋಗಿ ಹನಿಗಳು ಬೀಳುವಷ್ಟು ದಪ್ಪವಾಗದೆ ಉಳಿಯುತ್ತವೆ. ಸುಟ್ಟ ಕಾಡು ಹೀಗೆ ಆವಿಯ ಕೊರತೆಯಿಂದ ಒಮ್ಮೆ, ಹೊಗೆಯ ಹೆಚ್ಚಳದಿಂದ ಇನ್ನೊಮ್ಮೆ ಮಳೆಯನ್ನು ತಡೆಯುತ್ತದೆ.

ಆಂಡಿಸ್ ಗೋಡೆಗೆ ತಾಗಿದ ಆವಿಯ ಒಂದು ಭಾಗ ಅಲ್ಲಿಯೇ ಮಳೆಯಾಗಿ ನದಿಯ ಮೂಲತೊರೆಗಳನ್ನು ತುಂಬಿದರೆ, ಇನ್ನೊಂದು ಭಾಗ ದಕ್ಷಿಣಕ್ಕೆ ತಿರುಗಿ, ಪರ್ವತದ ಪೂರ್ವ ಬದಿಗುಂಟ ಬೊಲಿವಿಯ, ಪರಾಗ್ವೆ, ದಕ್ಷಿಣ ಬ್ರೆಜಿಲ್ ಮತ್ತು ಉತ್ತರ ಅರ್ಜೆಂಟೀನದವರೆಗೆ ಸಾಗುತ್ತದೆ. ಬ್ರೆಜಿಲಿನಲ್ಲಿ ಇದಕ್ಕೆ ಹಾರುವ ನದಿಗಳೆಂಬ ಹೆಸರು ಬಳಕೆಯಲ್ಲಿದೆ. ವಿಮಾನಚಾಲಕ ಜೆರಾರ್ ಮೊಸ್ ಅವರು ಚಿಕ್ಕ ವಿಮಾನದಲ್ಲಿ ಈ ಗಾಳಿಯ ಜಾಡು ಹಿಡಿದು ಆವಿಯ ಮಾದರಿಗಳನ್ನು ಸಂಗ್ರಹಿಸಿದ ಮೇಲೆ ಆ ಹೆಸರು ಜನಸಾಮಾನ್ಯರವರೆಗೂ ತಲುಪಿತು. ಬ್ರೆಜಿಲಿನ ಸೋಯಾ ಮತ್ತು ಕಬ್ಬಿನ ಹೊಲಗಳ ಒಂದು ಭಾಗ ಈ ನೀರಿಗೆ ಋಣಿ. ಕಾಡು ಕಡಿದು ಹೊಲ ಮಾಡುವ ಕೃಷಿಯು ತನ್ನ ಮಳೆಯ ಮೂಲವನ್ನೇ ಕಡಿಯುತ್ತಿದೆಯೆಂಬ ಕಟುಸತ್ಯ ಇಲ್ಲಿ ಎದುರಾಗುತ್ತದೆ. ಇದು ಅಮೆಜಾನಿಗೆ ಮಾತ್ರ ಸೀಮಿತವಾದ ಸಂಗತಿಯೂ ಅಲ್ಲ. ಪಶ್ಚಿಮಘಟ್ಟದ ದಟ್ಟ ಕಾಡುಗಳು ಹೊರಬಿಡುವ ಆವಿಯು ತಮಿಳುನಾಡಿಗೆ ನೈಋತ್ಯ ಮುಂಗಾರಿನಲ್ಲಿ ದೊರೆಯುವ ಮಳೆಯ ಗಣನೀಯ ಪಾಲನ್ನು ಒದಗಿಸುತ್ತದೆಂದೂ, ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಆ ಪಾಲು ಇನ್ನೂ ಹೆಚ್ಚುತ್ತದೆಂದೂ ಮುಂಬಯಿಯ ಐಐಟಿಯ ಸಂಶೋಧಕರು 2018ರಲ್ಲಿ ತೋರಿಸಿಕೊಟ್ಟರು. ಕಾವೇರಿಯ ನೀರಿನ ಲೆಕ್ಕವನ್ನು ಅಣೆಕಟ್ಟಿನ ಮಟ್ಟದಲ್ಲಷ್ಟೇ ಹಾಕುವ ನಾಡುಗಳು ಈ ಲೆಕ್ಕವನ್ನೂ ಗಮನಿಸಬೇಕಾದದ್ದು ನ್ಯಾಯ.

ಮೇಲಿನ ಹರಿವಿನಿಂದ ಕೆಳಗಿನ ಹರಿವಿಗೆ ಬಂದರೆ, ಅಮೆಜಾನಿನ ನೀರು ಒಂದೇ ಬಗೆಯದಲ್ಲ. ಜರ್ಮನ್ ವಿಜ್ಞಾನಿ ಹರಾಲ್ಡ್ ಸಿಯೊಲಿ ಅದನ್ನು ಬಣ್ಣದ ಮೇಲೆ ಮೂರಾಗಿ ವಿಂಗಡಿಸಿದರು. ಆಂಡಿಸ್‌ನಿಂದ ಹುಟ್ಟಿ ಎಳೆಯ ಪರ್ವತದ ಫಲವತ್ತಾದ ಹೂಳನ್ನು ಹೊತ್ತು ತರುವ ಸೊಲಿಮೊಯಿಸ್, ಮಡೈರಾ ನದಿಗಳು ಕೆನೆಬಣ್ಣದ ಬಿಳಿನೀರಿನವು. ಮರಳುನೆಲದ ಕಾಡುಗಳಲ್ಲಿ ಹುಟ್ಟಿ, ಕೊಳೆತ ಎಲೆಯ ಆಮ್ಲದಿಂದ ಚಹದ ಕಷಾಯದ ಬಣ್ಣ ಪಡೆದ ರಿಯೊ ನೆಗ್ರೊ ಕಪ್ಪುನೀರಿನದು. ಬ್ರೆಜಿಲಿನ ಪ್ರಾಚೀನ ಶಿಲಾಪೀಠದಿಂದ ಇಳಿಯುವ ತಪಜೊಸ್, ಶಿಂಗು ನದಿಗಳು ತಿಳಿನೀರಿನವು. ಮನೌಸ್ ಬಳಿ ಬಿಳಿ ಮತ್ತು ಕಪ್ಪು ನೀರುಗಳು ಸಂಗಮಿಸುವಲ್ಲಿ ಉಷ್ಣತೆ, ಸಾಂದ್ರತೆ, ವೇಗಗಳ ವ್ಯತ್ಯಾಸದಿಂದಾಗಿ ಅವು ಹಲವು ಕಿಲೋಮೀಟರ್ ದೂರ ಬೆರೆಯದೆ ಪಕ್ಕಪಕ್ಕದಲ್ಲಿ ಹರಿಯುತ್ತವೆ. ಭೂಮಧ್ಯರೇಖೆ ಜಲಾನಯನದ ಉತ್ತರ ಭಾಗದಲ್ಲಿ ಹಾದುಹೋಗುವುದರಿಂದ ದಕ್ಷಿಣದ ಉಪನದಿಗಳ ನೆರೆ ಮಾರ್ಚ್ ಏಪ್ರಿಲ್ ಹೊತ್ತಿಗೂ, ಉತ್ತರದವುಗಳ ನೆರೆ ಜೂನ್ ಜುಲೈ ಹೊತ್ತಿಗೂ ಏರುತ್ತದೆ. ಈ ಸರದಿಯಿಂದ ಮುಖ್ಯನದಿಯ ಹರಿವು ವರ್ಷವಿಡೀ ಒಂದು ಹದದಲ್ಲಿರುತ್ತದೆ. ಹದವೆಂದರೂ ಮನೌಸ್‌ನಲ್ಲಿ ನೀರಿನ ಮಟ್ಟ ಪ್ರತಿವರ್ಷ ಸರಾಸರಿ 10 ಮೀಟರಿನಷ್ಟು ಏರಿ ಇಳಿಯುತ್ತದೆ.

ಈ ಏರಿಳಿತವೇ ಅಮೆಜಾನಿನ ಅತ್ಯಂತ ಶ್ರೀಮಂತ ಜೀವಲೋಕಕ್ಕೆ ಆಧಾರ. ಬಿಳಿನೀರು ನುಗ್ಗುವ ಮೆಕ್ಕಲು ಬಯಲಿನ ಕಾಡಿಗೆ ವಾರ್ಜಿಯ ಎಂದೂ, ಕಪ್ಪುನೀರಿನಲ್ಲಿ ಮುಳುಗುವ ಬಡನೆಲದ ಕಾಡಿಗೆ ಇಗಪೊ ಎಂದೂ ಅಲ್ಲಿಯ ಜನ ಕರೆಯುತ್ತಾರೆ. ವರ್ಷದ ಹಲವು ತಿಂಗಳು ಈ ಕಾಡುಗಳ ಮರಗಳು ಸೊಂಟದವರೆಗೆ, ಕೆಲವೆಡೆ ರೆಂಬೆಯವರೆಗೆ ನೀರಿನಲ್ಲಿ ನಿಂತಿರುತ್ತವೆ. ಆ ಕಾಲಕ್ಕೆ ಸರಿಯಾಗಿ ಮರಗಳು ಹಣ್ಣು ಬಿಡುತ್ತವೆ, ನದಿಯ ಮೀನುಗಳು ಕಾಡಿನೊಳಕ್ಕೆ ಈಜಿ ಬಂದು ಉದುರಿದ ಹಣ್ಣು ಬೀಜಗಳನ್ನು ತಿನ್ನುತ್ತವೆ. ತಂಬಾಕಿ ಎಂಬ ದೊಡ್ಡ ಮೀನು ಗಟ್ಟಿ ಬೀಜಗಳನ್ನು ಒಡೆಯಬಲ್ಲ ಹಲ್ಲುಗಳನ್ನು ಹೊಂದಿದ್ದು, ನುಂಗಿದ ಬೀಜಗಳಲ್ಲಿ ಅನೇಕವನ್ನು ಕೆಡಿಸದೆ ದೂರಕ್ಕೆ ಒಯ್ದು ಬಿಡುತ್ತದೆ. ಹಕ್ಕಿಗಳಂತೆ ಮೀನುಗಳೂ ಇಲ್ಲಿ ಕಾಡು ಬಿತ್ತುತ್ತವೆ. ಇದೇ ಬಳಗದ ಪಾಕು ಮೀನನ್ನು ಇಂದು ಭಾರತದ ಸಾಕಣೆ ಕೊಳಗಳಲ್ಲಿ ರೂಪ್‌ಚಂದ್ ಎಂಬ ಹೆಸರಿನಲ್ಲಿ ಬೆಳೆಸಿ ಮಾರಲಾಗುತ್ತಿದೆ, ಕರ್ನಾಟಕದ ಮಾರುಕಟ್ಟೆಗಳಿಗೂ ಅದು ಬರುತ್ತದೆ. ಅದು ಹುಟ್ಟಿನಿಂದ ಮುಳುಗುಕಾಡಿನ ಹಣ್ಣುತಿನ್ನುವ ಮೀನೆಂಬುದು ಕೊಳ್ಳುವವರಿಗೆ ತಿಳಿದಿರುವುದು ವಿರಳ. ನೆರೆಯನ್ನು ವಿಪತ್ತೆಂದು ಬಗೆಯದೆ, ನದಿ ಮತ್ತು ಬಯಲಿನ ನಡುವೆ ಆಹಾರ, ಬೀಜ, ಹೂಳುಗಳ ವಿನಿಮಯ ನಡೆಸುವ ವಾರ್ಷಿಕ ಮಿಡಿತವೆಂದು ವಿವರಿಸುವ ಸಿದ್ಧಾಂತವನ್ನು ವುಲ್ಫ್‌ಗಾಂಗ್ ಯುಂಕ್ ಮತ್ತು ಸಂಗಡಿಗರು 1989ರಲ್ಲಿ ಮಂಡಿಸಿದ್ದು ಮುಖ್ಯವಾಗಿ ಅಮೆಜಾನಿನ ಅನುಭವದ ಆಧಾರದ ಮೇಲೆಯೇ.

ಜಲಾನಯನ ಎಷ್ಟು ಅಖಂಡವಾದದ್ದು ಎಂಬುದನ್ನು ದೊರಾದೊ ಎಂಬ ಬೆಕ್ಕುಮೀನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಆಂಡಿಸ್ ತಪ್ಪಲಿನ ತೊರೆಗಳಲ್ಲಿ ಮೊಟ್ಟೆಯೊಡೆದ ಅದರ ಮರಿಗಳು ಹರಿವಿನೊಡನೆ ಕಡಲ ಮುಖದವರೆಗೆ ಸಾಗಿ, ಅಲ್ಲಿ ಬೆಳೆದು, ಮತ್ತೆ ಮೊಟ್ಟೆಯಿಡಲು ತಪ್ಪಲಿಗೇ ಮರಳುತ್ತವೆ. ಹೋಗಿಬರುವ ದಾರಿ 11,000 ಕಿಲೋಮೀಟರನ್ನು ಮೀರುತ್ತದೆ, ಸಿಹಿನೀರಿನ ಮೀನಿನಲ್ಲಿ ಇಷ್ಟು ದೀರ್ಘವಾದ ವಲಸೆ ಬೇರೆಲ್ಲೂ ದಾಖಲಾಗಿಲ್ಲ. ಮಡೈರಾ ನದಿಗೆ ಅಡ್ಡವಾಗಿ ಸಾಂತೊ ಅಂತೋನಿಯೊ ಮತ್ತು ಜಿರಾವು ಅಣೆಕಟ್ಟುಗಳು ಬಂದ ಮೇಲೆ ಆ ದಾರಿ ನಡುವೆಯೇ ಕಡಿದಿದೆ. ಸಮತಟ್ಟು ನೆಲದಲ್ಲಿ ಅಣೆಕಟ್ಟು ಕಟ್ಟುವುದರ ಅನರ್ಥಕ್ಕೆ ಉವತುಮಾ ನದಿಯ ಬಲ್ಬಿನಾ ಯೋಜನೆ ಇನ್ನೊಂದು ಸಾಕ್ಷಿ: ಕೇವಲ 250 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರಕ್ಕಾಗಿ 2,300 ಚದರ ಕಿಲೋಮೀಟರಿಗೂ ಹೆಚ್ಚು ಕಾಡು ಮುಳುಗಿತು, ಮುಳುಗಿದ ಮರಗಳು ಕೊಳೆತು ಮೀಥೇನ್ ಅನಿಲ ಹೊರಟಿತು.

ಇಷ್ಟು ಸಮೃದ್ಧವಾದ ಕಾಡು ನಿಂತಿರುವ ನೆಲ ಮಾತ್ರ ನೆರೆಬಯಲನ್ನು ಬಿಟ್ಟರೆ ಬಹುಪಾಲು ಬಡವಾದದ್ದು. ಕೋಟ್ಯಂತರ ವರ್ಷಗಳ ಮಳೆ ಅದರ ಲವಣಗಳನ್ನು ತೊಳೆದುಬಿಟ್ಟಿದೆ. ಪೋಷಕಾಂಶದ ಬಹುಪಾಲು ಮಣ್ಣಿನಲ್ಲಿರದೆ ಜೀವಿಗಳ ಒಡಲಿನಲ್ಲೇ ಇದೆ, ಉದುರಿದ ತರಗೆಲೆ ಕೆಲವೇ ತಿಂಗಳಲ್ಲಿ ಕೊಳೆತು, ಬೇರಿಗಂಟಿದ ಶಿಲೀಂಧ್ರಗಳ ಮೂಲಕ ಮತ್ತೆ ಮರವನ್ನೇ ಸೇರುತ್ತದೆ. ಹಾಗಿದ್ದೂ ಸೋರಿಹೋಗುವ ರಂಜಕದ ಕೊರತೆಯನ್ನು ತುಂಬುವಲ್ಲಿ ಸಹಾರಾ ಮರುಭೂಮಿಗೂ ಪಾತ್ರವಿದೆ: ಅಟ್ಲಾಂಟಿಕ್ ದಾಟಿ ಬರುವ ಧೂಳು ವರ್ಷಕ್ಕೆ ಸುಮಾರು 22,000 ಟನ್ ರಂಜಕವನ್ನು ಅಮೆಜಾನಿಗೆ ಇಳಿಸುತ್ತದೆಂದು ಉಪಗ್ರಹದ ಅಳತೆಗಳಿಂದ 2015ರಲ್ಲಿ ಅಂದಾಜಿಸಲಾಯಿತು. ಕಾಡು ಕಡಿದು ಸುಟ್ಟ ನೆಲ ಒಂದೆರಡು ಬೆಳೆಗೆ ಚೆನ್ನಾಗಿದ್ದು ಬಳಿಕ ಸೊರಗುವುದು ಈ ಕಾರಣದಿಂದ. ಆದರೂ ಇಂಥ ನೆಲವನ್ನು ಫಲವತ್ತಾಗಿಸುವ ವಿದ್ಯೆ ಅಲ್ಲಿನ ಮೂಲನಿವಾಸಿಗಳಿಗೆ ಗೊತ್ತಿತ್ತು. ಇದ್ದಿಲು, ಮೂಳೆ, ಅಡುಗೆಯ ಕಸ, ಮಡಕೆಯ ಚೂರುಗಳು ಶತಮಾನಗಳ ಕಾಲ ಸೇರಿ ಆದ ಕಪ್ಪುಮಣ್ಣಿನ ತುಂಡುನೆಲಗಳು ನದಿಗಳ ದಡದುದ್ದಕ್ಕೂ ಸಿಕ್ಕಿವೆ, ಅವುಗಳಲ್ಲಿ ಇಂದಿಗೂ ಬೆಳೆ ಹುಲುಸಾಗಿ ಬರುತ್ತದೆ. 1542ರಲ್ಲಿ ಸ್ಪೇನಿನ ಅನ್ವೇಷಕ ಒರೆಯ್ಯಾನನೊಡನೆ ನದಿಯನ್ನು ಇಳಿದ ಪಾದ್ರಿ ಕರ್ವಹಾಲ್ ದಡದಲ್ಲಿ ದೊಡ್ಡ ಊರುಗಳನ್ನು ಕಂಡೆನೆಂದು ಬರೆದದ್ದನ್ನು ಬಹುಕಾಲ ಕಟ್ಟುಕತೆಯೆಂದು ತಳ್ಳಿಹಾಕಲಾಗಿತ್ತು. ಮೇಲಿನ ಶಿಂಗು ಸೀಮೆಯ ಉತ್ಖನನಗಳೂ, ಬೊಲಿವಿಯ ಮತ್ತು ಎಕ್ವಡಾರ್‌ನಲ್ಲಿ ಲೇಸರ್ ಸಮೀಕ್ಷೆಯಿಂದ ಬೆಳಕಿಗೆ ಬಂದ ರಸ್ತೆ, ದಿಬ್ಬ, ಕಾಲುವೆಗಳೂ ಅಮೆಜಾನ್ ಎಂದೂ ನಿರ್ಜನವಾಗಿರಲಿಲ್ಲವೆಂದು ಸಾಬೀತುಪಡಿಸಿವೆ. ಯುರೋಪಿನವರು ತಂದ ರೋಗಗಳು ಮತ್ತು ಗುಲಾಮಗಿರಿ ಅದನ್ನು ಬರಿದು ಮಾಡಿದವು. ಕಾಡೆಂದರೆ ಮನುಷ್ಯನಿಲ್ಲದ ಜಾಗ ಎಂಬ ಕಲ್ಪನೆ ಅಲ್ಲಿ ಚರಿತ್ರೆಗೆ ವಿರುದ್ಧವಾದದ್ದು.

ಸಹಜ ಕಾಡಿನ ಕ್ರಮವನ್ನು ಕಡೆಗಣಿಸಿದ ಕೃಷಿಗೆ ಏನಾಗುತ್ತದೆಂಬುದಕ್ಕೆ ಕರಾವಳಿ ಕರ್ನಾಟಕದವರಿಗೆ ಸುಪರಿಚಿತವಾದ ರಬ್ಬರ್ ಮರದ ಕತೆಯೇ ಸಾಕು. ಇಡೀ ಅಮೆಜಾನಿನಲ್ಲಿ ಸುಮಾರು 16,000 ಜಾತಿಯ ಮರಗಳಿವೆಯೆಂದು ಅಂದಾಜು. ರಬ್ಬರ್ ಮರಗಳು ಅಲ್ಲಿ ಒಂದಕ್ಕೊಂದು ದೂರದಲ್ಲಿ, ಬೇರೆ ನೂರಾರು ಜಾತಿಗಳ ನಡುವೆ ಚದುರಿ ಬೆಳೆಯುತ್ತವೆ. 1876ರಲ್ಲಿ ಇಂಗ್ಲೆಂಡಿನ ಹೆನ್ರಿ ವಿಕ್‌ಹ್ಯಾಮ್ ತಪಜೊಸ್ ತೀರದಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ಅವುಗಳಲ್ಲಿ ಮೊಳೆತ ಸಣ್ಣ ಪಾಲಿನ ಸಸಿಗಳು ಸಿಲೋನಿಗೂ ಆಗ್ನೇಯ ಏಷ್ಯಕ್ಕೂ ಬಂದು, ಅವುಗಳ ಸಂತತಿಯೇ ಕಾಲಾಂತರದಲ್ಲಿ ಕೇರಳ ಹಾಗೂ ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ಗುಡ್ಡಗಳಲ್ಲಿ ತೋಟಗಳಾಗಿ ನಿಂತವು. ಆದರೆ ಅದೇ ತಪಜೊಸ್ ತೀರದಲ್ಲಿ 1928ರಿಂದ ಅಮೆರಿಕದ ಮೋಟಾರು ಉದ್ಯಮಿ ಹೆನ್ರಿ ಫೋರ್ಡ್ ಸಾಲುಸಾಲಾಗಿ ಒತ್ತಾಗಿ ನೆಡಿಸಿದ ರಬ್ಬರ್ ತೋಟ ಎಲೆಯಂಗಮಾರಿ ಶಿಲೀಂಧ್ರಕ್ಕೆ ತುತ್ತಾಗಿ ಹಾಳಾಯಿತು. ಆ ಶಿಲೀಂಧ್ರ ಏಷ್ಯಕ್ಕೆ ಬಂದಿಲ್ಲವಾದ್ದರಿಂದ ಇಲ್ಲಿಯ ತೋಟಗಳು ಉಳಿದಿವೆ. ಅಮೆಜಾನಿನಲ್ಲಿ ಮರ ಮರದ ನಡುವಿನ ದೂರವೇ ಅದಕ್ಕೆ ರಕ್ಷಣೆಯಾಗಿತ್ತು.

1970ರ ದಶಕದಲ್ಲಿ ಬ್ರೆಜಿಲಿನ ಸೇನಾಡಳಿತವು ಅಮೆಜಾನನ್ನು ಸೀಳಿ ಹೆದ್ದಾರಿಗಳನ್ನು ನಿರ್ಮಿಸಿ ವಲಸೆಗಾರರನ್ನು ಕರೆತಂದಿತು. ಪ್ರತಿ ಹೆದ್ದಾರಿಯಿಂದ ಎರಡೂ ಬದಿಗೆ ಅಡ್ಡದಾರಿಗಳು ಚಾಚಿ, ಉಪಗ್ರಹ ಚಿತ್ರಗಳಲ್ಲಿ ಮೀನಿನ ಮುಳ್ಳಿನಾಕಾರದ ಬಯಲುಗಳು ಕಾಣತೊಡಗಿದವು. ಕಡಿದ ಭಾಗವಷ್ಟೇ ನಷ್ಟವಲ್ಲ. ಜೀವವಿಜ್ಞಾನಿ ಥಾಮಸ್ ಲವ್‌ಜಾಯ್ 1979ರಲ್ಲಿ ಮನೌಸ್‌ನ ಉತ್ತರಕ್ಕೆ ಆರಂಭಿಸಿದ ಪ್ರಯೋಗವು 1, 10 ಮತ್ತು 100 ಹೆಕ್ಟೇರ್ ಕಾಡುತುಣುಕುಗಳನ್ನು ದಶಕಗಳ ಕಾಲ ಗಮನಿಸಿ, ಅಂಚಿನಿಂದ ನುಗ್ಗುವ ಬಿಸಿಗಾಳಿಗೆ ದೊಡ್ಡ ಮರಗಳು ಸಾಯುವುದನ್ನೂ, ಒಳಗಾಡಿನ ಹಕ್ಕಿಗಳು ಮರೆಯಾಗುವುದನ್ನೂ ದಾಖಲಿಸಿತು. ಬ್ರೆಜಿಲಿನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯಾದ ಇನ್ಪೆ 1988ರಿಂದ ಪ್ರತಿವರ್ಷ ಅರಣ್ಯನಾಶವನ್ನು ಅಳೆದು ಪ್ರಕಟಿಸುತ್ತ ಬಂದಿರುವುದು ಒಂದು ದೊಡ್ಡ ಸಾರ್ವಜನಿಕ ಸೇವೆ. ಅದರ ಪ್ರಕಾರ 2004ರಲ್ಲಿ 27,772 ಚದರ ಕಿಲೋಮೀಟರ್ ಕಾಡು ನಾಶವಾಗಿತ್ತು. ಅಕ್ರೆ ಪ್ರಾಂತದ ರಬ್ಬರ್ ಹಾಲು ಸಂಗ್ರಹಿಸುವ ಕುಟುಂಬದಿಂದ ಬಂದ ಮರೀನ ಸಿಲ್ವ ಪರಿಸರ ಸಚಿವೆಯಾಗಿದ್ದಾಗ ಜಾರಿಯಾದ ಯೋಜನೆಯಿಂದ, ಉಪಗ್ರಹದ ತ್ವರಿತ ಎಚ್ಚರಿಕೆ, ಸಾಲ ನಿರ್ಬಂಧ, ಹೊಸದಾಗಿ ಕಡಿದ ನೆಲದ ಸೋಯಾ ಕೊಳ್ಳದಿರುವ ಒಪ್ಪಂದ ಇವುಗಳ ಒಟ್ಟು ಫಲವಾಗಿ, 2012ರ ಹೊತ್ತಿಗೆ ಅದು 4,571ಕ್ಕೆ ಇಳಿಯಿತು. ಆಡಳಿತ ಸಡಿಲಗೊಂಡ ಮೇಲೆ 2021ರಲ್ಲಿ 13,000ವನ್ನು ದಾಟಿ, ಮತ್ತೆ ಬಿಗಿಗೊಂಡ ಮೇಲೆ 2024ರಲ್ಲಿ 6,288ಕ್ಕೆ ಬಂದಿತು. ಅರಣ್ಯನಾಶ ಅನಿವಾರ್ಯವಲ್ಲ, ಅದು ಸರಕಾರದ ಆಯ್ಕೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ಆದರೆ ಬರಗಳು ಬರುತ್ತಲೇ ಇವೆ. ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೊ ವರ್ಷಗಳಲ್ಲಿ ಅಮೆಜಾನಿನ ಉತ್ತರ, ಪೂರ್ವ ಭಾಗಗಳಲ್ಲೂ, ಉತ್ತರ ಅಟ್ಲಾಂಟಿಕ್‌ನ ಉಷ್ಣವಲಯ ಬಿಸಿಯಾದಾಗ ನೈಋತ್ಯ ಭಾಗದಲ್ಲೂ ಮಳೆ ಕುಗ್ಗುತ್ತದೆ; 2005, 2010, 2015-16 ಮತ್ತು 2023-24ರ ಬರಗಳು ಒಂದರ ಹಿಂದೊಂದಾಗಿ ಬಂದವು. ಮನೌಸ್‌ನಲ್ಲಿ 1902ರಿಂದ ಅಳೆಯುತ್ತ ಬಂದಿರುವ ರಿಯೊ ನೆಗ್ರೊದ ಮಟ್ಟ 2021ರ ಜೂನ್‌ನಲ್ಲಿ 30 ಮೀಟರ್ ದಾಟಿ ಅದುವರೆಗಿನ ಗರಿಷ್ಠವನ್ನು ಮುಟ್ಟಿತು. 2023ರ ಅಕ್ಟೋಬರ್‌ನಲ್ಲಿ 13 ಮೀಟರಿಗೂ ಕೆಳಗಿಳಿದು ಅದುವರೆಗಿನ ಕನಿಷ್ಠವನ್ನು ಕಂಡಿತು, ಮರುವರ್ಷ ಅದನ್ನೂ ಮೀರಿ ಕುಸಿಯಿತು. ಅದೇ 2023ರಲ್ಲಿ ತೆಫೆ ಸರೋವರದ ನೀರು 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾದು, ಕೆಲವೇ ವಾರಗಳಲ್ಲಿ 150ಕ್ಕೂ ಹೆಚ್ಚು ನದಿ ಡಾಲ್ಫಿನ್‌ಗಳು ಸತ್ತವು. ದೋಣಿಯೇ ದಾರಿಯಾದ ನೂರಾರು ಹಳ್ಳಿಗಳು ಅಕ್ಕಿ, ಔಷಧ, ಕುಡಿಯುವ ನೀರಿಗಾಗಿ ಪರದಾಡಿದವು. ನೀರಿನ ನಾಡಿನ ಜನವೇ ನೀರಿಲ್ಲದೆ ಬಳಲಿದರು.

ಅಮೆಜಾನ್ ಭೂಮಿಯ ಶ್ವಾಸಕೋಶ, ಜಗತ್ತಿನ ಆಮ್ಲಜನಕದ ಐದರಲ್ಲೊಂದು ಪಾಲು ಅಲ್ಲಿಂದ ಬರುತ್ತದೆ ಎಂಬ ಮಾತು ಪಠ್ಯಪುಸ್ತಕಗಳಲ್ಲೂ ನುಸುಳಿದೆ, ಅದು ತಪ್ಪು. ಬೆಳೆದು ನಿಂತ ಕಾಡು ಉತ್ಪಾದಿಸುವ ಆಮ್ಲಜನಕವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಾನೇ ಉಸಿರಾಟದಲ್ಲೂ ಕೊಳೆಯುವಿಕೆಯಲ್ಲೂ ಬಳಸಿಬಿಡುತ್ತದೆ. ಅದರ ನಿಜವಾದ ಮಹತ್ವ ಎರಡು: ನೀರನ್ನು ಮರಳಿಸುವುದು, ಮತ್ತು ಮರಗಳಲ್ಲಿ ಸುಮಾರು 12,000 ಕೋಟಿ ಟನ್ ಇಂಗಾಲವನ್ನು ಹಿಡಿದಿಟ್ಟಿರುವುದು. ಈ ಎರಡನೆಯ ಕೆಲಸವೂ ದಣಿಯುತ್ತಿದೆ. ಲುಸಿಯಾನ ಗಟ್ಟಿ ನೇತೃತ್ವದ ತಂಡವು 2010ರಿಂದ 2018ರವರೆಗೆ ವಿಮಾನದಿಂದ ಗಾಳಿಯ ಮಾದರಿಗಳನ್ನು ತೆಗೆದು, ಆಗ್ನೇಯ ಅಮೆಜಾನ್ ಈಗ ಹೀರುವುದಕ್ಕಿಂತ ಹೆಚ್ಚು ಇಂಗಾಲವನ್ನು ಹೊರಬಿಡುತ್ತಿದೆಯೆಂದು 2021ರಲ್ಲಿ ಪ್ರಕಟಿಸಿತು. ಒಣಗಾಲ ಅತ್ಯಂತ ಬಿಸಿಯಾಗಿರುವುದೂ, ಮೊದಲಿಗಿಂತ ಉದ್ದವಾಗಿರುವುದೂ, ಕಾಡು ಅತಿಹೆಚ್ಚು ಕಡಿದುಹೋಗಿರುವುದೂ ಇದೇ ಭಾಗದಲ್ಲಿ ಎಂಬುದು ಆಕಸ್ಮಿಕವಲ್ಲ.

ಒಟ್ಟು ಕಾಡಿನ 20ರಿಂದ 25 ಶೇಕಡ ನಾಶವಾದರೆ ಜಲಚಕ್ರ ಮುರಿದು, ಪೂರ್ವ, ದಕ್ಷಿಣ ಮತ್ತು ಮಧ್ಯ ಅಮೆಜಾನಿನ ದೊಡ್ಡ ಭಾಗ ಕಾಡಾಗಿ ಉಳಿಯಲಾರದೆಂದು ಲವ್‌ಜಾಯ್ ಮತ್ತು ಬ್ರೆಜಿಲಿನ ಹವಾಮಾನ ವಿಜ್ಞಾನಿ ಕಾರ್ಲೋಸ್ ನೊಬ್ರೆ 2018ರಲ್ಲಿ ಎಚ್ಚರಿಸಿದರು. ಆಗಲೇ ಸುಮಾರು 17 ಶೇಕಡ ಹೋಗಿತ್ತು. ಆ ಗೆರೆ ನಿಖರವಾಗಿ ಎಲ್ಲಿದೆಯೆಂಬ ಬಗ್ಗೆ, ಕುಸಿತ ಒಮ್ಮೆಲೇ ಆಗುವುದೋ ತುಂಡುತುಂಡಾಗಿ ಆಗುವುದೋ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ದಿಕ್ಕಿನ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಅಂಚನ್ನು ಕಂಡುಹಿಡಿಯಲು ಅಂಚಿನವರೆಗೆ ನಡೆದು ನೋಡುವುದು ವಿವೇಕದ ಮಾರ್ಗವಲ್ಲ.

ಕಾಡು ಅತ್ಯಂತ ಕಡಿಮೆ ನಾಶವಾಗಿರುವುದು ಮೂಲನಿವಾಸಿಗಳ ಹಕ್ಕು ಕಾನೂನಿನಲ್ಲಿ ಗುರುತಾದ ಪ್ರದೇಶಗಳಲ್ಲಿ ಎಂಬುದನ್ನು ಉಪಗ್ರಹ ಚಿತ್ರಗಳು ಮತ್ತೆ ಮತ್ತೆ ತೋರಿಸಿವೆ. ಆದ್ದರಿಂದ ಆ ಹಕ್ಕುಗಳ ರಕ್ಷಣೆಯೇ ಮಳೆಯ ರಕ್ಷಣೆಯೂ ಹೌದು. 1978ರ ಅಮೆಜಾನ್ ಸಹಕಾರ ಒಪ್ಪಂದಕ್ಕೆ ಸಹಿ ಹಾಕಿದ ಎಂಟು ದೇಶಗಳ ನಾಯಕರು 2023ರ ಆಗಸ್ಟ್‌ನಲ್ಲಿ ಬ್ರೆಜಿಲಿನ ಬೆಲೆಂ ನಗರದಲ್ಲಿ ಸೇರಿ, ಮರಳಿ ಬಾರದ ಸ್ಥಿತಿಗೆ ಕಾಡು ತಲುಪದಂತೆ ತಡೆಯಬೇಕೆಂದು ಘೋಷಿಸಿದರಾದರೂ, 2030ರೊಳಗೆ ಅರಣ್ಯನಾಶವನ್ನು ಪೂರ್ತಿ ನಿಲ್ಲಿಸುವ ಸಾಮಾನ್ಯ ಗುರಿಗೆ ಒಪ್ಪಲಿಲ್ಲ. ಕೊಲಂಬಿಯದ ಮಳೆಯ ಒಂದು ಭಾಗ ಬ್ರೆಜಿಲಿನ ಮರಗಳಿಂದ, ಜಲಾನಯನದ ಹೊರಗಿನ ಪರಾಗ್ವೆಯ ಮಳೆಯ ಒಂದು ಭಾಗ ಬೊಲಿವಿಯದ ಮರಗಳಿಂದ ಬರುವಾಗ ಗುರಿಯನ್ನು ದೇಶದೇಶಕ್ಕೆ ಬಿಟ್ಟುಕೊಡುವುದು ಸಾಲದು. ಅಣೆಕಟ್ಟು, ಹೆದ್ದಾರಿ, ಹುಲ್ಲುಗಾವಲುಗಳಿಗೆ ಅನುಮತಿ ನೀಡುವಾಗ ನದಿಯ ಹರಿವಿನಷ್ಟೇ ಕಡ್ಡಾಯವಾಗಿ ಆವಿಯ ಹರಿವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದನ್ನು ಅಳೆಯುವ ಉಪಕರಣಗಳೂ, ವಿಜ್ಞಾನಿಗಳೂ, ನಾಲ್ಕು ದಶಕಗಳ ದಾಖಲೆಗಳೂ ಇವೆ, ಎಂಟು ದೇಶಗಳೂ ಒಂದೇ ಗಡುವಿಗೆ ಸಹಿ ಹಾಕುವುದು ಮಾತ್ರ ಬಾಕಿಯಿದೆ.